ಬನ್ನಿ, ಬ್ರ್ಯಾಕೆಟ್ಟು ಮತ್ತು ಬಾಜೂದ ಶೆಡ್ಡು

ಹೋದ ದಸರೆಗೆ ಹುಬ್ಬಳ್ಳಿಗೆ ಹೋದಾಗ, ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿರುವ ಅಣ್ಣನ ಶೆಡ್ಡಿಗೆ ಖಂಡೆ ಪೂಜೆಗೆಂದು ಹೋಗಿದ್ದೆ. ಅಣ್ಣನೆಂದರೆ ನಮ್ಮ ಕಾಕಾನ ಮಗ. ನನಗಿಂತ ಆರು ವರ್ಷ ದೊಡ್ಡವನು. ಐಟಿಐ ಮುಗಿಸಿದ ನನ್ನನ್ನು ಪುಣೆಯ ಬಸ್ಸಿಗೆ ಹತ್ತಿಸಿದವನೂ ಅವನೇ. ತಗಡು ಕತ್ತರಿಸಿ ಬಗ್ಗಿಸುವ ಅವನ ನಾಲ್ಕು ಪ್ರೆಸ್ಸುಗಳಿಗೆ ಚೆಂಡುಹೂವಿನ ಮಾಲೆ ಬಿದ್ದಿತ್ತು, ನೆಲ ಒರೆಸಿತ್ತು, ಹನ್ನೊಂದು ಜನ ಕೆಲಸಗಾರರೂ ಹೊಸ ಅಂಗಿ ತೊಟ್ಟು ಬಂದಿದ್ದರು. ಆದರೆ ಒಂದು ಪ್ರೆಸ್ಸಿನ ಮೇಲೆ, ಹಬ್ಬದ ಒಂದು ದಿನದಲ್ಲಿ ಕೂಡುವಂಥದ್ದಲ್ಲದ ಧೂಳು ಇದ್ದುದನ್ನು ನಾನು ಗಮನಿಸಿದೆ. ಕೇಳಲಿಲ್ಲ. ಮರುದಿನ ಸಂಜೆ ಮನೆಯಲ್ಲಿ ಅದಕ್ಕೆ ಉತ್ತರ ತಾನಾಗಿಯೇ ಸಿಕ್ಕಿತು.

"ಬನ್ನಿ ತಗೊಂಡು ಬಂಗಾರದಂಗ ಇರೂಣು, ತಮ್ಮಾ," ಎಂದು ಅಂಗೈಯಲ್ಲಿ ಎಲೆ ಇಟ್ಟ ಅಣ್ಣ, ಹಿಡಿದ ಕೈ ಬಿಡದೆ, "ಆದ್ರ ನಿಮ್ಮ ಕಂಪನಿ ರೇಟು ನಮ್ಮನ್ನ ಕಬ್ಬಣದಂಗೂ ಇರಗೊಡೂದಿಲ್ಲ ಬಿಡು," ಎಂದ. ವೈನಿ ನಕ್ಕರು. ಕಾಕಾ ನಗಲಿಲ್ಲ.

ವಿಷಯ ಇಷ್ಟೇ. ಧಾರವಾಡದ ಸಮೀಪ ವಾಹನಗಳ ಆಸನ ಜೋಡಿಸುವ ಒಂದು ಘಟಕಕ್ಕೆ ಮೂರು ಮಿಲಿಮೀಟರ್ ದಪ್ಪದ ತಗಡಿನ ಬ್ರ್ಯಾಕೆಟ್ಟೊಂದು ಬೇಕಾಗಿತ್ತು. ತಿಂಗಳಿಗೆ ಹನ್ನೆರಡು ಸಾವಿರ. ಅಣ್ಣ ನಲವತ್ತೊಂದು ರೂಪಾಯಿ ದರ ಕೊಟ್ಟಿದ್ದ. ಆರ್ಡರು ಪುಣೆ ಸಮೀಪದ ಚಾಕಣದ ಒಂದು ಕಂಪನಿಗೆ ಹೋಯಿತು: ಮೂವತ್ತಾರೂವರೆ ರೂಪಾಯಿ, ಧಾರವಾಡದ ಬಾಗಿಲಿಗೆ ತಂದಿಳಿಸಿ. ಆ ಕಂಪನಿ ನಾನು ಕೆಲಸ ಮಾಡುವ ಕಂಪನಿ. ಆ ದರಪಟ್ಟಿ ತಯಾರಾದದ್ದು ನನ್ನ ಮೇಜಿನಿಂದ ಎರಡು ಮೇಜು ಆಚೆ. ಹಾಳೆಯ ಮೇಲೆ 'ಧಾರವಾಡ' ಎಂಬ ಹೆಸರು ಕಂಡು ನಾನು ಖುಷಿಯಿಂದ, ಮುಂದಿನ ಸಲ ಹೋದಾಗ ಎಲ್ಲರಿಗೂ ಪೇಢೆ ತರುತ್ತೇನೆಂದು ಹೇಳಿದ್ದೂ ನೆನಪಿದೆ. ಎದುರಿಗೆ ಯಾರ ದರ ಬಿದ್ದಿತ್ತೆಂದು ನನಗೆ ಗೊತ್ತಿರಲಿಲ್ಲ.

ಕಾಕಾನ ವಾದ ಸರಳವಾಗಿತ್ತು. ನಾಲ್ಕುನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಿಂದ ಬಂದ ಕಬ್ಬಿಣ ಪಕ್ಕದ ಊರಿನ ಕಬ್ಬಿಣಕ್ಕಿಂತ ಅಗ್ಗವಾಗಲು ಹೇಗೆ ಸಾಧ್ಯ, ಇದರಲ್ಲಿ ಏನೋ ಕೈಚಳಕವಿದೆ ಎಂಬುದು ಅವರ ಗುಮಾನಿ. ನಾನು ಲೆಕ್ಕ ಹೇಳಲು ಹೋದೆ. ಆ ಬ್ರ್ಯಾಕೆಟ್ಟಿನ ತೂಕ ಮುನ್ನೂರೈವತ್ತು ಗ್ರಾಂ. ಹತ್ತು ಟನ್ನಿನ ಲಾರಿಯಲ್ಲಿ ಬೇರೆ ಮಾಲಿನ ಜೊತೆ ಹೇರಿ ಕಳಿಸಿದರೆ ಒಂದು ತುಣುಕಿಗೆ ಬೀಳುವ ಬಾಡಿಗೆ ಒಂದು ರೂಪಾಯಿಯ ಒಳಗೆ. ದೂರ ಎನ್ನುವುದು ಕಾಕಾ ತಿಳಿದಷ್ಟು ದುಬಾರಿಯಾದ ವಸ್ತುವಲ್ಲ. ದುಬಾರಿಯಾದದ್ದು ಬೇರೆ ಇದೆ, ಮತ್ತು ಅದನ್ನು ಹಬ್ಬದ ಮನೆಯಲ್ಲಿ, ಹೋಳಿಗೆಯ ತಾಟಿನ ಮುಂದೆ ಕೂತು ಹೇಳಲು ನನಗೆ ಬಾಯಿ ಬರಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಣ್ಣ ಆ ಬ್ರ್ಯಾಕೆಟ್ಟನ್ನು ಮಾಡುವ ಬಗೆ ಹೀಗೆ: ಕತ್ತರಿಸಿದ ತಗಡಿನ ಪಟ್ಟಿಯನ್ನು ಮೊದಲ ಪ್ರೆಸ್ಸಿಗೆ ಕೊಟ್ಟು ಆಕಾರ ಕತ್ತರಿಸುವುದು, ಎರಡನೆಯದರಲ್ಲಿ ತೂತು ಹೊಡೆಯುವುದು, ಮೂರನೆಯದರಲ್ಲಿ ಬಗ್ಗಿಸುವುದು. ಮೂರು ಡೈ (ತಗಡಿಗೆ ಆಕಾರ ಕೊಡುವ ಅಚ್ಚು), ಮೂರು ಪ್ರೆಸ್ಸು, ಮೂರು ಜನ. ಚಹಾ, ನೀರು, ವಿದ್ಯುತ್ತಿನ ಕಣ್ಣುಮುಚ್ಚಾಲೆ ಎಲ್ಲ ಕಳೆದು ಗಂಟೆಗೆ ಮುನ್ನೂರೈವತ್ತು ಬ್ರ್ಯಾಕೆಟ್ಟು ಬಂದರೆ ಅದು ಒಳ್ಳೆಯ ದಿನ. ನಮ್ಮಲ್ಲಿ ಅದೇ ಬ್ರ್ಯಾಕೆಟ್ಟು ಒಂದೇ ಪ್ರೋಗ್ರೆಸಿವ್ ಡೈಯಲ್ಲಿ ಆಗುತ್ತದೆ. ಸುರುಳಿ ತಗಡು ಒಂದು ಬದಿಯಿಂದ ತಾನಾಗಿಯೇ ಒಳಗೆ ಸರಿಯುತ್ತದೆ, ಪ್ರತಿ ಹೊಡೆತಕ್ಕೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ, ಡೈಯ ಒಳಗೇ ತೂತು, ಆಕಾರ, ಬಾಗು ಎಲ್ಲವನ್ನೂ ಸರದಿಯಂತೆ ಪಡೆದು ಇನ್ನೊಂದು ಬದಿಗೆ ಸಿದ್ಧ ಬ್ರ್ಯಾಕೆಟ್ಟಾಗಿ ಪೆಟ್ಟಿಗೆಗೆ ಬೀಳುತ್ತದೆ. ನಿಮಿಷಕ್ಕೆ ಮೂವತ್ತೈದು ಹೊಡೆತ. ನಿಲುಗಡೆಗಳನ್ನೆಲ್ಲ ಕಳೆದರೂ ಗಂಟೆಗೆ ಸಾವಿರದೈನೂರು. ಕಾವಲಿಗೆ ಒಬ್ಬ ಹುಡುಗ. ತಲಾ ಲೆಕ್ಕ ಹಾಕಿದರೆ ಇದು ಹತ್ತು ಪಟ್ಟಿಗೂ ಹೆಚ್ಚು. ದರದ ಅಂತರ ನಾಲ್ಕೂವರೆ ರೂಪಾಯಿಗೇ ನಿಂತದ್ದು ಏಕೆಂದರೆ, ಆ ದರದ ಬಹುಪಾಲು ತಗಡಿನ ಬೆಲೆಯೇ. ಉಳಿದ ಹದಿನೈದು ರೂಪಾಯಿಯ ಆಸುಪಾಸಿನಲ್ಲಿಯೇ ನಾವಿಬ್ಬರೂ ಹೊಡೆದಾಡಬೇಕು.

ಇಷ್ಟು ಕೇಳಿದವರು, ಹಾಗಾದರೆ ಅಣ್ಣನೂ ಪ್ರೋಗ್ರೆಸಿವ್ ಡೈ ಮಾಡಿಸಲಿ, ಬ್ಯಾಂಕು ಸಾಲ ಕೊಡುತ್ತದೆ, ಸರಕಾರ ಸಬ್ಸಿಡಿ ಕೊಡುತ್ತದೆ ಎನ್ನುತ್ತಾರೆ. ಹದಿನೇಳು ವರ್ಷದ ಹಿಂದೆ ನಾನೂ ಹಾಗೆಯೇ ಎನ್ನುತ್ತಿದ್ದೆ. ಅದು ತಪ್ಪೆಂದು ನನಗೆ ಮನವರಿಕೆಯಾದದ್ದು ಒಂದು ರಾತ್ರಿ ಪಾಳಿಯಲ್ಲಿ.

ಆ ರಾತ್ರಿ ಎಂಟು ಗಂಟೆ ನಲವತ್ತು ನಿಮಿಷಕ್ಕೆ ಇಂಥದೇ ಒಂದು ಡೈಯ ಪಂಚಿನ, ಎಂದರೆ ತಗಡನ್ನು ಕತ್ತರಿಸುವ ಗಟ್ಟಿ ಉಕ್ಕಿನ ತುಂಡಿನ, ಮೂಲೆ ಸೀಳಿತು. ಬದಲಿ ಪಂಚು ಕಪಾಟಿನಲ್ಲಿ ಇರಬೇಕಾಗಿತ್ತು, ಇರಲಿಲ್ಲ. ಪ್ರೋಗ್ರೆಸಿವ್ ಡೈಯ ಹಣೆಬರಹವೇ ಅದು: ಹತ್ತು ಪಂಚುಗಳಲ್ಲಿ ಒಂದು ಮುರಿದರೂ ಉಳಿದ ಒಂಬತ್ತು ಕೈಕಟ್ಟಿ ನಿಲ್ಲಬೇಕು. ಮರುದಿನ ಬೆಳಗಿನ ಹತ್ತಕ್ಕೆ ಗಿರಾಕಿಯ ಸಾಲು ನಮ್ಮ ಮಾಲಿಗೆ ಕಾಯುತ್ತಿರುತ್ತದೆ. ಅವರ ಬಳಿ ಎರಡು ಗಂಟೆಗೆ ಸಾಲುವಷ್ಟು ಮಾತ್ರ ದಾಸ್ತಾನು. ನಮ್ಮ ಟೂಲ್‌ರೂಮಿನ ಹಿರಿಯ, ಕೊಲ್ಹಾಪುರದ ಒಬ್ಬರು, ಗಾಬರಿಯಾಗದೆ ಫೋನು ಎತ್ತಿಕೊಂಡರು. ಪುಣೆಯ ಭೋಸರಿಯಲ್ಲಿ ಟೂಲ್ ಸ್ಟೀಲ್ ಮಾರುವವನೊಬ್ಬ ಮೊದಲೇ ಹದ ಹಾಕಿ ಗಟ್ಟಿ ಮಾಡಿದ ಡಿ-2 ಉಕ್ಕಿನ ತುಂಡುಗಳನ್ನು ಇಟ್ಟುಕೊಂಡಿರುತ್ತಾನೆ; ಅಂಗಡಿ ಮುಚ್ಚಿತ್ತು, ಮನೆಯಿಂದ ಬಂದು ತೆರೆದ. ವೈರ್‌ಕಟ್ ಎಂಬ, ತಂತಿಯ ವಿದ್ಯುತ್ ಕಿಡಿಯಿಂದ ಗಟ್ಟಿ ಉಕ್ಕನ್ನು ಕೊರೆಯುವ ಯಂತ್ರ ಇರುವ ಮೂವರಿಗೆ ಫೋನಾಯಿತು. ಮೊದಲನೆಯವನು ಎರಡರಷ್ಟು ದರ ಹೇಳಿದ, ಎರಡನೆಯವನು ಯಂತ್ರ ಖಾಲಿಯಿಲ್ಲವೆಂದ, ಮೂರನೆಯವನು ಮೊದಲನೆಯವನ ದರ ಎಷ್ಟೆಂದು ಕೇಳಿ ಅದಕ್ಕಿಂತ ಮುನ್ನೂರು ಕಡಿಮೆ ಮಾಡಿದ. ರಾತ್ರಿ ಎರಡೂವರೆಗೆ ಪಂಚು ನಮ್ಮ ಕೈಯಲ್ಲಿತ್ತು. ಬೆಳಗಿನ ಐದಕ್ಕೆ ಪ್ರೆಸ್ಸು ಓಡುತ್ತಿತ್ತು. ಬೆಳಗಿನ ಪಾಳಿಗೆ ಬಂದವರಿಗೆ ರಾತ್ರಿ ಏನಾಯಿತೆಂಬುದು ರಿಜಿಸ್ಟರ್ ನೋಡಿದ ಮೇಲಷ್ಟೇ ತಿಳಿಯಿತು.

ಅಣ್ಣನ ಶೆಡ್ಡಿನಲ್ಲಿ ಅದರ ಹಿಂದಿನ ಬೇಸಿಗೆಯಲ್ಲಿ ಇಂಥದೇ ಒಂದು ಪಂಚು ಮುರಿದಾಗ ಒಂಬತ್ತು ದಿನ ಹಿಡಿಯಿತು. ಮೆತ್ತನೆಯ ಉಕ್ಕು ತಂದು ಒರಟಾಗಿ ಕೊರೆಸಿದ್ದು ಒಂದು ದಿನ, ಹದ ಹಾಕಿಸಲು ಬೆಳಗಾವಿಯ ಉದ್ಯಮಬಾಗಕ್ಕೆ ಕಳಿಸಿ, ಅಲ್ಲಿ ಕುಲುಮೆ ತುಂಬುವಷ್ಟು ಮಾಲು ಕೂಡುವ ತನಕ ಕಾದು, ಮರಳಿ ತರಿಸಿದ್ದು ಐದು ದಿನ, ಆಮೇಲೆ ವೈರ್‌ಕಟ್. ಹುಬ್ಬಳ್ಳಿಯಲ್ಲಿ ವೈರ್‌ಕಟ್ ಇಲ್ಲವೆಂದಲ್ಲ. ಆದರೆ ಅಣ್ಣ ಹೋಗುವ ಕಡೆ ಒಬ್ಬನೇ ಒಬ್ಬ, ಆತನ ಸರದಿ ಉದ್ದ, ಆತನ ಮಾತು ಒಂದೇ: "ನಾಳೆ ನೋಡೂಣು ಬರ್ರಿ." ಆ ನಾಳೆ ಮೂರು ದಿನಕ್ಕೆ ಬಂತು. ಆತನನ್ನು ನಾನು ದೂರಲಾರೆ. ತನ್ನನ್ನು ಬಿಟ್ಟರೆ ಗಿರಾಕಿಗೆ ಬೇರೆ ಬಾಗಿಲಿಲ್ಲವೆಂದು ಗೊತ್ತಿರುವ ಯಾರೂ ರಾತ್ರಿ ಒಂಬತ್ತಕ್ಕೆ ಊಟ ಬಿಟ್ಟು ಎದ್ದು ಬರುವುದಿಲ್ಲ. ಭೋಸರಿಯ ಆ ಮೂರನೆಯವನೂ ಹುಬ್ಬಳ್ಳಿಯಲ್ಲಿ ಅಂಗಡಿ ಹಾಕಿದ್ದರೆ ಬರುತ್ತಿರಲಿಲ್ಲ.

ಈಗ ಅಣ್ಣನ ಮೂರು ಡೈಗಳ ವಿಷಯಕ್ಕೆ ಮರಳಿ ಬಂದರೆ, ಅವನು ಹಳೆಯ ಪದ್ಧತಿಗೆ ಅಂಟಿಕೊಂಡಿರುವುದು ತಿಳಿವಳಿಕೆಯ ಕೊರತೆಯಿಂದಲ್ಲ ಎಂಬುದು ಸ್ಪಷ್ಟವಾಗುತ್ತದೆ. ಒಂದು ಪಂಚು ಮುರಿದರೆ ಒಂಬತ್ತು ದಿನ ಕಾಯಬೇಕಾದ ಊರಿನಲ್ಲಿ, ಹತ್ತು ಪಂಚುಗಳನ್ನು ಒಂದೇ ಡೈಯಲ್ಲಿ ಕಟ್ಟಿಹಾಕುವುದು ಹುಚ್ಚುತನ. ಬಿಡಿ ಬಿಡಿ ಡೈಗಳಾದರೆ ಒಂದು ಕೆಟ್ಟಾಗ ಉಳಿದೆರಡು ಓಡುತ್ತವೆ, ಕೆಟ್ಟದ್ದನ್ನು ತಾನೇ ಉಜ್ಜಿ ಒಂದೆರಡು ವಾರ ತಳ್ಳಬಹುದು. ಅದೇ ರೀತಿ, ಬೇಕಾದ ಅಗಲಕ್ಕೆ ಸುರುಳಿಯನ್ನು ಸೀಳಿಕೊಡುವ ಕೇಂದ್ರಗಳು ನಮಗೆ ಚಾಕಣದ ಆಸುಪಾಸಿನಲ್ಲೇ ಇವೆ, ಒಂದು ಟನ್ನು ಬೇಕೆಂದರೂ ಕೊಡುತ್ತವೆ. ಅಣ್ಣನಿಗೆ ಸಿಕ್ಕುವುದು ವ್ಯಾಪಾರಿಯ ಬಳಿಯಿರುವ ಅಳತೆಯ ಹಾಳೆ ತಗಡು, ಅದರಲ್ಲಿ ಪಟ್ಟಿ ಕತ್ತರಿಸಿದಾಗ ಅಂಚಿನಲ್ಲಿ ಉಳಿಯುವುದೆಲ್ಲ ಗುಜರಿ. ಆ ಗುಜರಿಯ ಬೆಲೆಯೂ ಒಂದೇ ಅಲ್ಲ: ನಮ್ಮ ಗೇಟಿಗೆ ನಾಲ್ವರು ಕೊಳ್ಳುವವರು ಬಂದು ಒಬ್ಬರ ಮೇಲೊಬ್ಬರು ಕೂಗುತ್ತಾರೆ, ಅಣ್ಣನ ಗೇಟಿಗೆ ಬರುವವನು ಒಬ್ಬನೇ. (ಪುಣೆಯಲ್ಲಿ ಗುಜರಿಗೆ 'ಭಂಗಾರ್' ಎನ್ನುತ್ತಾರೆ. ಬಂಗಾರಕ್ಕೂ ಅದಕ್ಕೂ ಒಂದು ಮಹಾಪ್ರಾಣದಷ್ಟೇ ಅಂತರ. ಬನ್ನಿಯ ಸಂಜೆ ಅದನ್ನು ಹೇಳಿ ಅಣ್ಣನನ್ನು ಇನ್ನಷ್ಟು ಕೆರಳಿಸುವ ಧೈರ್ಯ ನನಗಾಗಲಿಲ್ಲ.)

ಹೀಗೆ, ಯಾವ ಯಂತ್ರ ಇಡಬೇಕು, ಯಾವ ವಿಧಾನ ಹಿಡಿಯಬೇಕು ಎಂಬುದನ್ನು ಸಹ ನೆರೆಹೊರೆ ತೀರ್ಮಾನಿಸುತ್ತದೆ. ಒಂದೇ ಕಸುಬಿನವರು ಒಂದೇ ಕಡೆ ನೆಲೆಸಿದರೆ ಕಸುಬಿನ ಗುಟ್ಟು ಗುಟ್ಟಾಗಿ ಉಳಿಯದೆ ಅಲ್ಲಿನ ಗಾಳಿಯಲ್ಲೇ ಬೆರೆಯುತ್ತದೆ ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಷ್ಟು ಹಿಂದೆಯೇ ಬರೆದಿದ್ದರು. ಚಾಕಣದಲ್ಲಿ ಆ ಗಾಳಿ ಬೀಸುವುದು ಚಹಾದ ಟಪರಿಯಲ್ಲಿ. ತಗಡಿನ ಅಂಚಿಗೆ ಏಳುವ ಮುಳ್ಳನ್ನು ಕಡಿಮೆ ಮಾಡುವ ಒಂದು ಉಪಾಯವನ್ನು ನಾನು ಕಲಿತದ್ದು ಯಾವ ತರಬೇತಿಯಲ್ಲೂ ಅಲ್ಲ; ನಮ್ಮ ಪ್ರತಿಸ್ಪರ್ಧಿ ಕಂಪನಿಯ ಸೆಟ್ಟರ್ ಒಬ್ಬ, ಗದಗ ಕಡೆಯವನು, ಕಟಿಂಗ್ ಚಹಾ ಕುಡಿಯುತ್ತ, ತನ್ನ ಮ್ಯಾನೇಜರನನ್ನು ಬೈಯುವ ಭರದಲ್ಲಿ ಅದನ್ನು ಹೇಳಿಬಿಟ್ಟ.

ಆದರೆ ಗುಂಪುಗೂಡಿದ ಮಾತ್ರಕ್ಕೆ ಚುರುಕು ಬರುವುದಿಲ್ಲ. ಬೆನ್ನಿಗೆ ಸ್ಪರ್ಧೆಯ ಚಾಟಿಯೂ ಬೇಕು. ನಮ್ಮ ದೊಡ್ಡ ಗಿರಾಕಿಗಳು ಒಂದೇ ಭಾಗವನ್ನು ಬೇಕೆಂದೇ ಇಬ್ಬರಿಗೆ ಹಂಚುತ್ತಾರೆ, ನೂರಕ್ಕೆ ಒಬ್ಬರಿಗೆ ಅರವತ್ತು, ಇನ್ನೊಬ್ಬರಿಗೆ ನಲವತ್ತು; ಹತ್ತು ಲಕ್ಷಕ್ಕೆ ಎಷ್ಟು ತುಣುಕು ಕೆಟ್ಟು ಬಂದವು, ಎಷ್ಟು ಸಲ ತಡವಾಯಿತು ಎಂದು ತಿಂಗಳು ತಿಂಗಳು ಅಂಕ ಹಾಕುತ್ತಾರೆ; ಅಂಕ ಇಳಿದರೆ ಅರವತ್ತು ನಲವತ್ತಾಗುತ್ತದೆ. ಮೇಲಾಗಿ ವರ್ಷಕ್ಕೊಮ್ಮೆ ದರ ಇಳಿಸಿರೆಂಬ ಪತ್ರ ತಪ್ಪದೆ ಬರುತ್ತದೆ. ದರ ಇಳಿಸಬೇಕಾದವನು ಡೈ ಬದಲಿಸುವ ಸಮಯವನ್ನು ಇಳಿಸುತ್ತಾನೆ, ಇಳಿಸಲೇಬೇಕು. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ಸಾವಿರ ಟನ್ನಿನ ಪ್ರೆಸ್ಸಿಗೆ ಡೈ ಬದಲಿಸಲು ನಾಲ್ಕು ತಾಸು ಬೇಕಾಗುತ್ತಿದ್ದುದನ್ನು ಶಿಗೆಯೊ ಶಿಂಗೊ ಎಂಬ ಎಂಜಿನಿಯರರು 1970ರ ಆಸುಪಾಸಿನಲ್ಲಿ ಮೊದಲು ತೊಂಬತ್ತು ನಿಮಿಷಕ್ಕೆ, ಆಮೇಲೆ ಮೂರು ನಿಮಿಷಕ್ಕೆ ತಂದು ನಿಲ್ಲಿಸಿದರು. ಹೊಸ ಯಂತ್ರದಿಂದ ಆದ ಕೆಲಸವಲ್ಲ ಅದು; ಪ್ರೆಸ್ಸು ನಿಂತಾಗ ಮಾಡುತ್ತಿದ್ದ ಕೆಲಸಗಳನ್ನು ಪ್ರೆಸ್ಸು ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳುವುದು, ಮೂಲತಃ ಅಷ್ಟೇ. ನಾವು ಹನ್ನೆರಡು ನಿಮಿಷಕ್ಕೆ ಬಂದಿದ್ದೇವೆ. ಅಣ್ಣನಿಗೆ ಈಗಲೂ ಒಂದೂವರೆ ತಾಸು ಬೇಕು, ಏಕೆಂದರೆ ಅದನ್ನು ಕಡಿಮೆ ಮಾಡೆಂದು ಅವನನ್ನು ಒತ್ತಾಯಿಸುವವರು ಯಾರೂ ಇಲ್ಲ.

ಚಾಟಿಯಿಲ್ಲದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ಪೀಳಿಗೆಗೆ ವಿವರಿಸಬೇಕಾಗಿಲ್ಲ. ಅಪ್ಪ ಸ್ಕೂಟರಿಗೆ ಹಣ ಕಟ್ಟಿ ಏಳು ವರ್ಷ ಕಾದವರು. ಸ್ಕೂಟರು ಬಂದ ದಿನ ಓಣಿಯವರೆಲ್ಲ ಬಂದು ಕುಂಕುಮ ಹಚ್ಚಿದ್ದರು. ಕಾರುಗಳ ಕಥೆಯೂ ಅದೇ. ಬಂಗಾಳದ ಉತ್ತರಪಾಡಾದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆ ಬಹಳಷ್ಟು ಭಾಗಗಳನ್ನು ತನ್ನ ಆವರಣದಲ್ಲೇ ತಯಾರಿಸುವಷ್ಟು ವಿಸ್ತಾರವಾಗಿತ್ತು. ಆದರೂ 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್ ಅಚ್ಚಿನ ಅಂಬಾಸಿಡರು, ಮೇಲಿನ ಅಲಂಕಾರ ಆಗೀಗ ಬದಲಾಯಿಸಿಕೊಳ್ಳುತ್ತ, 2014ರ ತನಕ ಅಲ್ಲಿಂದ ಹೊರಬರುತ್ತಲೇ ಇತ್ತು. ಲೈಸೆನ್ಸಿನ ಗೋಡೆಯೊಳಗೆ ಕೊಳ್ಳುವವನಿಗೆ ಅದು ಅಥವಾ ಪ್ರೀಮಿಯರ್ ಪದ್ಮಿನಿ, ಹೆಚ್ಚೆಂದರೆ ಇನ್ನೊಂದು. 1983ರ ಡಿಸೆಂಬರಿನಲ್ಲಿ ಗುಡಗಾಂವದಿಂದ ಮಾರುತಿ 800 ಹೊರಬಂದಾಗ ಕಾರಿನಷ್ಟೇ ಮುಖ್ಯವಾದ ಇನ್ನೊಂದು ಬದಲಾವಣೆಯಾಯಿತು: ಸುಜುಕಿಯವರು ಬಿಡಿಭಾಗಗಳನ್ನು ಮಾಡುವವರನ್ನು ಕಾರ್ಖಾನೆಯ ಸುತ್ತಲೂ ನೆಲೆಗೊಳಿಸಿ, ಅನೇಕರಿಗೆ ಜಪಾನಿನ ಕಂಪನಿಗಳ ಜೊತೆ ಗಂಟು ಹಾಕಿದರು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಅಗತ್ಯ ಹೋಯಿತು. 1998ರಲ್ಲಿ ಹುಂಡೈ ಚೆನ್ನೈ ಸಮೀಪದ ಇರುಂಗಾಟ್ಟುಕೋಟೈಯಿಂದ ಸ್ಯಾಂಟ್ರೋ ತಂದಿತು, ಕೊರಿಯಾದ ತನ್ನ ಪೂರೈಕೆದಾರರನ್ನೂ ಜೊತೆಗೇ ಕರೆತಂದಿತು. ಅದೇ ವರ್ಷದ ಕೊನೆಗೆ ಟಾಟಾ, ಪುಣೆಯಲ್ಲಿ ತಯಾರಾದ ಇಂಡಿಕಾವನ್ನು ಮಾರುಕಟ್ಟೆಗೆ ತಂದಿತು. ಕಾಯುವ ಪಟ್ಟಿ ಮಾಯವಾಯಿತು. ನನ್ನ ಹೊಟ್ಟೆಪಾಡೂ ಆ ಹೊಡೆತದಿಂದಲೇ ಹುಟ್ಟಿದ್ದು.

ಹುಬ್ಬಳ್ಳಿಯವರಿಗೆ ಇದು ತಿಳಿಯದ ವಿದ್ಯೆಯೇನಲ್ಲ, ನನ್ನ ಸಿಟ್ಟು ಇರುವುದೇ ಅಲ್ಲಿ. ಜವಳಿ ಸಾಲಿನಲ್ಲಿ ಅಂಗಡಿಗೆ ಅಂಗಡಿ ತಾಗಿಕೊಂಡು ಒಂದೇ ಬಗೆಯ ಸೀರೆ ಮಾರುತ್ತಾರೆ, ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಮೆಟ್ಟಿಲ ಮೇಲಿಂದಲೇ ಕರೆಯುತ್ತಾರೆ. ಆ ಕಾರಣಕ್ಕೇ ಸುತ್ತಲಿನ ಜಿಲ್ಲೆಗಳ ಮದುವೆ ಜವಳಿ ಅಲ್ಲಿಗೆ ಬರುತ್ತದೆ. ಬ್ಯಾಡಗಿಯ ಮಾರುಕಟ್ಟೆಗೆ ಆಂಧ್ರದ ರೈತರು ರಾತ್ರಿಯಿಡೀ ಪ್ರಯಾಣ ಮಾಡಿ ಮೆಣಸಿನಕಾಯಿ ತರುವುದು ಅಲ್ಲಿ ಕೊಳ್ಳುವವರು ನೂರಾರು ಮಂದಿ ಒಂದೇ ಅಂಗಳದಲ್ಲಿ ಟೆಂಡರು ಹಾಕುತ್ತಾರೆಂದು. ಬಟ್ಟೆಯಲ್ಲಿ, ಮೆಣಸಿನಕಾಯಿಯಲ್ಲಿ ನಮಗೆ ಸಹಜವಾಗಿರುವುದು ಕಬ್ಬಿಣದಲ್ಲಿ ಮಾತ್ರ ಅಪರಾಧದಂತೆ ಕಾಣುತ್ತದೆ. ತಾರಿಹಾಳದಲ್ಲಿ ಅಣ್ಣ ಮತ್ತು ಅವನ ಅಕ್ಕಪಕ್ಕದವರ ನಡುವೆ ಬರೆಯದ ಒಪ್ಪಂದವೊಂದಿದೆ: ನಿನ್ನ ಗಿರಾಕಿಯ ಬಳಿ ನಾ ಹೋಗುವುದಿಲ್ಲ, ನನ್ನ ಗಿರಾಕಿಯ ಬಳಿ ನೀ ಬರಬೇಡ. ಕಾಕಾ ಅದನ್ನು ಮರ್ಯಾದೆ ಎನ್ನುತ್ತಾರೆ, ಅದನ್ನು ಮೀರುವುದನ್ನು "ಹೊಟ್ಟಿ ಮ್ಯಾಲೆ ಹೊಡಿಯೂದು" ಎನ್ನುತ್ತಾರೆ. ಒಬ್ಬರಿಗೊಬ್ಬರು ಸಾಲ ಕೊಡುತ್ತಾರೆ, ಮದುವೆಗೆ ಲಾರಿ ಕೊಡುತ್ತಾರೆ, ಆದರೆ ಎಲ್ಲರ ಡೈ ಬದಲಿಸುವ ಸಮಯವೂ ಒಂದೂವರೆ ತಾಸು.

ಇದಕ್ಕೆ ಹಳೆಯ ಬೇರುಗಳಿರಬಹುದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ನೇಗಿಲು, ಮೇವು ಕತ್ತರಿಸುವ ಯಂತ್ರಗಳ ತನಕ ಬೆಳೆದಾಗ, ಊರು ವಿಸ್ತರಿಸಬೇಕೆಂದು ಅವರಿಗೆ ಜಾಗ ಬಿಡಲು ಹೇಳಲಾಯಿತು. 1910ರಲ್ಲಿ ಅವರು ಔಂಧ ಸಂಸ್ಥಾನದ ರಾಜರು ಕೊಟ್ಟ ಬರಡು ನೆಲಕ್ಕೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು. ಪುಣೆಯ ಎಂಜಿನಿಯರಿಂಗ್ ವಂಶಾವಳಿಯಲ್ಲಿ ಆ ಹೆಸರು ಎಷ್ಟು ಕಡೆ ಬರುತ್ತದೆಂದು ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಏನೋ ಚುರುಕ್ಕೆನ್ನುತ್ತದೆ. ಹುಬ್ಬಳ್ಳಿಯಲ್ಲಿ ಯಂತ್ರವಿದ್ಯೆ ಬಂದದ್ದು ರೈಲ್ವೆಯ ವರ್ಕ್‌ಶಾಪಿನೊಂದಿಗೆ. ಅಪ್ಪ ಅಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದರು. ಅವರ ಕೈಯ ಕೆಲಸಕ್ಕೆ ಸಾಟಿಯಾದದ್ದನ್ನು ನಾನು ಚಾಕಣದಲ್ಲೂ ಹೆಚ್ಚು ನೋಡಿಲ್ಲ. ಆದರೆ ಭೋಂಗಾ ಊದಿದಾಗ ಒಳಗೆ ಹೋದ ಆ ಕೌಶಲ ಸಂಜೆ ಮನೆಗೆ ಬಂದು ಮಲಗುತ್ತಿತ್ತು. ಅದಕ್ಕೆ ಹೊರಗೆ ಬೇಡಿಕೆ ಇರಲಿಲ್ಲ, ಅಪ್ಪನಿಗೆ ಕಂಪೌಂಡಿನ ಆಚೆ ಅಂಗಡಿ ಹಾಕುವ ಅಗತ್ಯವೂ ಇರಲಿಲ್ಲ.

ಧಾರವಾಡಕ್ಕೆ ದೊಡ್ಡ ಕಾರ್ಖಾನೆಗಳು ಬರಲಿಲ್ಲವೆಂದು ಹೇಳಲಾಗದು. ಅಗೆಯುವ ಯಂತ್ರ ಬಂತು, ಬ್ರೆಜಿಲಿನ ಮಾರ್ಕೊಪೋಲೊ ಜೊತೆಗೂಡಿ ಟಾಟಾ ಬಸ್ಸು ಕಟ್ಟಿತು, ಸಣ್ಣ ವಾಹನಗಳೂ ಬಂದವು. ಒಂದು ದೊಡ್ಡ ಮರದ ಕೆಳಗೆ ಸಣ್ಣ ಗಿಡಗಳು ಎಷ್ಟು ಬೆಳೆಯುತ್ತವೆಂಬುದು ಪ್ರಶ್ನೆ. ಒಬ್ಬನೇ ಗಿರಾಕಿಯಿದ್ದರೆ ಅವನು ಕೆಮ್ಮಿದಾಗ ಊರಿಗೇ ಜ್ವರ. ಹಾವೇರಿ ಜಿಲ್ಲೆ ದಾಟಿದರೆ ಸಿಗುವ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇಥ್ ಯಂತ್ರಕ್ಕೆ ದೇಶಕ್ಕೇ ಹೆಸರಾಗಿತ್ತು. ಅದು ಮುಚ್ಚಿದ ಮೇಲೆ ಆ ಊರಿನ ಟರ್ನರುಗಳು ಎಲ್ಲಿಗೆ ಹೋದರೆಂದು ಯಾರಾದರೂ ಕೇಳಿದರೆ, ಕೆಲವರು ನಮ್ಮ ಓಣಿಯಲ್ಲಿ, ಚಿಂಚವಾಡದಲ್ಲಿ ಇದ್ದಾರೆಂದು ನಾನು ಹೇಳಬಲ್ಲೆ. ಇತ್ತ ಪುಣೆಯ ತಳೇಗಾಂವದಲ್ಲಿ ಜನರಲ್ ಮೋಟಾರ್ಸ್ 2020ರ ಕೊನೆಗೆ ಕಾರು ಮಾಡುವುದನ್ನು ನಿಲ್ಲಿಸಿದರೂ, 2023ರಲ್ಲಿ ಆ ಕಾರ್ಖಾನೆಯನ್ನು ಕೊಳ್ಳಲು ಹುಂಡೈ ಒಪ್ಪಂದ ಮಾಡಿಕೊಂಡಿತು. ಸುತ್ತಲೂ ಬಿಡಿಭಾಗದವರಿರುವ ಕಡೆ ಖಾಲಿಬಿದ್ದ ಕಾರ್ಖಾನೆಗೂ ಬೆಲೆ ಉಳಿಯುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ನನಗೂ ಸಮಾಧಾನವಾಗಿರುತ್ತಿತ್ತು. ಆದರೆ ಪುಣೆಗೆ ಮರಳಿದ ಮೇಲೆ ಆ ಮೂವತ್ತಾರೂವರೆ ರೂಪಾಯಿಯ ದರ ಹೇಗೆ ಹುಟ್ಟಿತೆಂದು ಎರಡು ಮೇಜು ಆಚೆ ಹೋಗಿ ಕೇಳಿದೆ, ಕೇಳಬಾರದಿತ್ತು. ಆ ತಿಂಗಳು ನಮ್ಮ ಒಬ್ಬ ಗಿರಾಕಿ ಅರವತ್ತನ್ನು ನಲವತ್ತಕ್ಕೆ ಇಳಿಸಿದ್ದರಿಂದ ಒಂದು ಪ್ರೆಸ್ಸು ಮೂರನೆಯ ಪಾಳಿಯಲ್ಲಿ ಸುಮ್ಮನೆ ನಿಲ್ಲುತ್ತಿತ್ತಂತೆ. ಸುಮ್ಮನೆ ನಿಲ್ಲುವುದಕ್ಕಿಂತ ತಗಡು, ವಿದ್ಯುತ್ತು, ಕೂಲಿ ಇಷ್ಟು ಹುಟ್ಟಿದರೆ ಸಾಕೆಂದು ಆ ದರ ಹಾಕಿದ್ದರು. ಕಟ್ಟಡ, ಯಂತ್ರದ ಸವಕಳಿ, ಡೈಯ ಪೂರ್ತಿ ಖರ್ಚು ಅದರಲ್ಲಿ ಇರಲಿಲ್ಲ. ಕಾಕಾ ಅಂದ ಕೈಚಳಕ ಸ್ವಲ್ಪಮಟ್ಟಿಗೆ ಇದ್ದೇ ಇತ್ತು.

ಕೂಲಿಯ ವಿಷಯವನ್ನೂ ಹೇಳಲೇಬೇಕು. ಮೂರನೆಯ ಪಾಳಿಯಲ್ಲಿ ಆ ಪ್ರೆಸ್ಸಿಗೆ ಕಾವಲು ನಿಲ್ಲುವ ಹುಡುಗ ಹಾವೇರಿ ಕಡೆಯವನು, ಗುತ್ತಿಗೆಯವನು. ಒಬ್ಬ ಹುಡುಗನಿಗೆ ಕಾನೂನಿನ ರಕ್ಷಣೆ ಕೇಳಲು ಬೇಕಾದ 240 ದಿನ ತುಂಬುವ ಮೊದಲೇ ಗುತ್ತಿಗೆದಾರನ ಹೆಸರು ಬದಲಾಗುತ್ತದೆ, ಅಥವಾ ಹುಡುಗನೇ ಬದಲಾಗುತ್ತಾನೆ. ಗೇಟಿನ ಹೊರಗೆ ಬೇರೆ ಹುಡುಗರು ಕಾಯುತ್ತಿರುತ್ತಾರೆ, ಅದೂ ಗುಂಪುಗೂಡುವಿಕೆಯ ಅನುಕೂಲವೇ. ಅಣ್ಣನ ಹನ್ನೊಂದು ಜನರಲ್ಲಿ ಏಳು ಮಂದಿ ಶೆಡ್ಡು ಶುರುವಾದ ದಿನದಿಂದ ಇದ್ದಾರೆ, ಪಿಎಫ್ ಇದೆ, ಅವರ ಮಕ್ಕಳ ಶಾಲೆಯ ಫೀಗೆ ವೈನಿ ಕೈಗಡ ಕೊಡುತ್ತಾರೆ. ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾನೂನು ಹೇಳುತ್ತದೆ. ಸ್ಪರ್ಧೆಯಲ್ಲಿ ಹಿಂಡಿಸಿಕೊಂಡ ನಾವು ನಮ್ಮ ಆ ವೈರ್‌ಕಟ್‌ನವನಿಗೆ ನೂರು ದಿನವಾದರೂ ಕೊಡುವುದಿಲ್ಲ. ತಳೇಗಾಂವದ ಕಾರ್ಖಾನೆಗೆ ಬೆಲೆ ಉಳಿಯಿತೆಂದು ಮೇಲೆ ಬರೆದೆ. ಆದರೆ ನಡುವಿನ ವರ್ಷಗಳಲ್ಲಿ ಅಲ್ಲಿಯ ಕೆಲಸಗಾರರು ಕೋರ್ಟಿನ ಮೆಟ್ಟಿಲು ಹತ್ತಿಳಿಯುತ್ತಿದ್ದರು. ಹುಬ್ಬಳ್ಳಿಯಲ್ಲಿ ಕಬ್ಬಿಣದ ಗುಂಪೇ ಇಲ್ಲವೆಂಬ ಧಾಟಿಯಲ್ಲಿ ನಾನು ಮಾತಾಡಿದ್ದೂ ಅರ್ಧಸತ್ಯ: ಗೋಕುಲ ರೋಡಿನ ಆಸುಪಾಸಿನಲ್ಲಿ ವಾಲ್ವು ತಯಾರಿಸುವ ಕಂಪನಿಗಳು ದಶಕಗಳಿಂದ ಪಕ್ಕಪಕ್ಕದಲ್ಲಿ ಬೆಳೆದಿವೆ, ಅವುಗಳ ವಾಲ್ವು ಹೊರದೇಶಕ್ಕೂ ಹೋಗುತ್ತದೆ, ಒಂದರಲ್ಲಿ ಕಲಿತವನು ಇನ್ನೊಂದಕ್ಕೆ ಹೋಗುತ್ತಾನೆ. ಇನ್ನು, ನಮ್ಮ ಮೊದಲ ಲಾಟಿನಲ್ಲಿ ನಾನ್ನೂರು ಬ್ರ್ಯಾಕೆಟ್ಟು ಬಾಗಿನ ಕೋನ ತಪ್ಪಿ ವಾಪಸಾದವು. ಅಣ್ಣ ಕಳಿಸಿದ್ದ ನಮೂನೆಗಳಲ್ಲಿ ಒಂದೂ ತಪ್ಪಿರಲಿಲ್ಲವೆಂದು ಧಾರವಾಡದ ಆ ಘಟಕದವರೇ ನಮ್ಮವರಿಗೆ ಹೇಳಿದರಂತೆ. ಇದನ್ನು ನಾನು ಅಣ್ಣನಿಗೆ ಇನ್ನೂ ಹೇಳಿಲ್ಲ.

ಆದರೂ ಆ ರಾತ್ರಿಯ ಪಂಚು ನನ್ನ ತಲೆಯಿಂದ ಹೋಗುವುದಿಲ್ಲ.

ಮೊನ್ನೆ ಅಣ್ಣನ ಫೋನು ಬಂದಿತ್ತು. ಬನ್ನಿಯ ಮಾತು ಇಬ್ಬರೂ ಎತ್ತಲಿಲ್ಲ. ಅವನ ಸಿಟ್ಟು ಈಗ ಬೇರೆಯವರ ಮೇಲಿತ್ತು. "ಬಾಜೂದ ಶೆಡ್ಡಿನ್ಯಾಂವ ವೈರ್‌ಕಟ್ ಹಾಕ್ಯಾನ. ಅಷ್ಟಕ್ಕ ಸುಮ್ನಿರಬಾರದ? ಎರಡು ಪ್ರೆಸ್ಸೂ ತಂದು ನನ್ನ ಹಳೇ ಗಿರಾಕಿಗೆ ರೇಟ್ ಕೊಟ್ಟು ಬಂದಾನ. ಹತ್ತು ವರ್ಷ ಒಂದ ಡಬ್ಬ್ಯಾಗ ಬುತ್ತಿ ಉಂಡೀವಿ," ಎಂದ. ಅರ್ಧ ತಾಸು ಕೇಳಿಸಿಕೊಂಡೆ. ನಡುವೆ, ಅವನ ಶೆಡ್ಡಿನಲ್ಲಿ ಈಚೆಗೆ ಮತ್ತೆ ಮುರಿದಿದ್ದ ಪಂಚು ಏನಾಯಿತೆಂದು ಕೇಳಿದೆ.

"ಅದ? ನಿನ್ನೆ ಸಂಜೀಕ ಅಂವನ ಕಡೇನ ಕೊಟ್ಟಿದ್ದೆ, ಇವತ್ತ ಮುಂಜಾನೆ ಮಾಡಿ ಕೊಟ್ಟ," ಎಂದು ಹೇಳಿ, ಅಣ್ಣ ಮತ್ತೆ ಅವನನ್ನೇ ಬೈಯತೊಡಗಿದ.